ಗಾಳಿಗೂ ಒಂದು ದಾರಿ ಬೇಕು

"ಸೋಲಾರ್ ಕೆಟ್ಟೋಗಿದೆ" ಅನ್ನೋ ಮಾತು ನಮ್ಮ ಮನೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಕೇಳಿಬರುವಷ್ಟು ಸಲ ಸೋಲಾರ್ ನಿಜಕ್ಕೂ ಕೆಟ್ಟಿರುವುದಿಲ್ಲ. ತಾರಸಿಯ ಟ್ಯಾಂಕಿನಲ್ಲಿ ಕೈ ಸುಡುವಷ್ಟು ಬಿಸಿನೀರು ಇರುತ್ತೆ. ಕೆಳಗೆ ಬಚ್ಚಲಿನ ನಲ್ಲಿ ಮಾತ್ರ ಎರಡು ಸಲ ಕೆಮ್ಮಿ ಸುಮ್ಮನಾಗುತ್ತೆ. ನಡುವೆ ಕೂತಿರೋದು ಗಾಳಿ. ಪ್ಲಂಬರ್‌ಗಳು ಇದನ್ನು "ಏರ್ ಹಿಡ್ಕೊಂಡಿದೆ ಸಾರ್" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ರೋಗ ಸರಿಯಾಗೇ ಹೇಳ್ತಾರೆ, ಮದ್ದು ಮಾತ್ರ ಎಷ್ಟೋ ಸಲ ತಪ್ಪು ಅನ್ನೋದು ನಮ್ಮ ತಕರಾರು.

ಸೋಲಾರ್ ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ರಿಯಾಯಿತಿ ಕೊಟ್ಟು ಬೆನ್ನು ತಟ್ಟಿದ ರಾಜ್ಯ ನಮ್ಮದು. ಬೆಂಗಳೂರಿನ ಯಾವ ತಾರಸಿ ಹತ್ತಿ ನೋಡಿದರೂ ಸುತ್ತ ಸೋಲಾರ್ ಟ್ಯಾಂಕುಗಳೇ. ಆದರೆ ಆ ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಪೈಪು ಯಾವ ಇಳಿಜಾರಿನಲ್ಲಿದೆ ಎಂದು ಯಾರೂ ನೋಡುವುದಿಲ್ಲ.

ಪೈಪು ಟ್ಯಾಂಕಿನಿಂದ ಹೊರಟು, ತಾರಸಿಯ ನೆಲದ ಮೇಲೆ ಮಲಗಿ, ಪ್ಯಾರಪೆಟ್ ಗೋಡೆ ಹತ್ತಿ, ಆಮೇಲೆ ಕೆಳಗಿಳಿಯುತ್ತೆ. ಅಲ್ಲಿಗೆ ಒಂದು ಗೂನು ಆಯ್ತು. ಕ್ಲ್ಯಾಂಪ್‌ಗಳು ದೂರ ದೂರ ಇದ್ದರೆ ಸಿಪಿವಿಸಿ ಪೈಪು ಬಿಸಿಗೆ ಜೋತುಬಿದ್ದು ಇನ್ನೊಂದೆರಡು ಗೂನುಗಳನ್ನು ತಾನೇ ಮಾಡಿಕೊಳ್ಳುತ್ತೆ. ಟ್ಯಾಂಕ್ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದಾಗ ಗಾಳಿ ಸಿಕ್ಕಿಕೊಳ್ಳೋದು ಈ ಗೂನುಗಳಲ್ಲೇ. ನೀರು ಖಾಲಿಯಾಗದಿದ್ದರೂ ಗಾಳಿ ಹುಟ್ಟುತ್ತೆ. 20 ಡಿಗ್ರಿ ನೀರಿನ ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 60 ಡಿಗ್ರಿಗೆ ಏರಿದರೆ ಅದರ ಅರ್ಧದಷ್ಟು ಮಾತ್ರ. ಮಿಕ್ಕಿದ್ದು ಗುಳ್ಳೆಯಾಗಿ ಹೊರಬಂದು ಎತ್ತರದ ಜಾಗ ಹುಡುಕುತ್ತೆ.

ಲೆಕ್ಕ ಸುಲಭ. ಮೇಲಿನ ಮಹಡಿಯ ಶವರ್‌ಗೂ ಟ್ಯಾಂಕಿನ ನೀರಿನ ಮಟ್ಟಕ್ಕೂ 2 ಮೀಟರ್ ಅಂತರ ಅಂದ್ಕೊಳ್ಳಿ. ನೀರನ್ನು ತಳ್ಳೋಕೆ ಇರೋ ಶಕ್ತಿ ಅಷ್ಟೇ, ಸುಮಾರು 0.2 ಬಾರ್. ಗೂನಿನ ಇಳಿಯುವ ಕಾಲಿನಲ್ಲಿ 1 ಮೀಟರ್ ಗಾಳಿ ತುಂಬಿದ್ದರೆ ಅಷ್ಟು ಎತ್ತರ ಲೆಕ್ಕದಿಂದ ಹೋಯ್ತು. ಅಂಥವು ಎರಡಾದರೆ ಶವರ್‌ನಲ್ಲಿ ನೀರೇ ಇಲ್ಲ. ಕೆಳಮಹಡಿಯವರಿಗೆ ಬರುತ್ತೆ, ಮೇಲಿನವರಿಗೆ ಬರಲ್ಲ ಅನ್ನೋ ಜಗಳದ ಮೂಲ ಇದು. ಇದರಲ್ಲಿ ಓನರ್ ಪಕ್ಷಪಾತ ಏನೂ ಇಲ್ಲ!

ಇದಕ್ಕೆ ಸಾಮಾನ್ಯವಾಗಿ ಸಿಗೋ ಪರಿಹಾರ ಪ್ರೆಷರ್ ಪಂಪು. ಸಾವಿರಾರು ರೂಪಾಯಿ ಕೊಟ್ಟು, ಗುರುತ್ವದಿಂದ ತಾನೇ ಇಳಿಯಬೇಕಾದ ನೀರಿಗೆ ಕರೆಂಟ್ ಸುರಿಯೋದು. ಗೂನು ಹಾಗೇ ಇರುತ್ತೆ. ಇದಕ್ಕಿಂತ ಕೆಟ್ಟದ್ದು ಏರ್ ವೆಂಟ್ ಪೈಪಿಗೆ ಮುಚ್ಚಳ ಹಾಕುವುದು. ವೆಂಟ್‌ನಿಂದ ನೀರು ತೊಟ್ಟಿಕ್ಕುತ್ತಿದೆ ಅಂದರೆ ಅದರ ಎತ್ತರ ತಣ್ಣೀರಿನ ಟ್ಯಾಂಕಿನ ಮಟ್ಟಕ್ಕಿಂತ ಕಡಿಮೆ ಇದೆ ಎಂದರ್ಥ. ಎತ್ತರಿಸಬೇಕು, ಮುಚ್ಚಬಾರದು. ಮುಚ್ಚಿದ ಮೇಲೆ ಗಾಳಿ ಹೊರಗೂ ಹೋಗಲ್ಲ, ಒಳಗೂ ಬರಲ್ಲ. ತಣ್ಣೀರು ನಿಂತಾಗ ಪಂಪು ಬಿಸಿನೀರು ಎಳೆದರೆ ಒಳಗೆ ನಿರ್ವಾತವಾಗಿ, ತೆಳು ತಗಡಿನ ಟ್ಯಾಂಕು ಡಬ್ಬಿ ಹಿಸುಕಿದ ಹಾಗೆ ಒಳಕ್ಕೆ ಕುಸಿಯಬಹುದು. ಒಂದು ಮುಚ್ಚಳದ ಬೆಲೆ ಆಗ ಒಂದು ಟ್ಯಾಂಕು.

ತಕ್ಷಣಕ್ಕೆ ಗಾಳಿ ಬಿಡಿಸೋದು ದೊಡ್ಡ ವಿದ್ಯೆಯಲ್ಲ. ಮೊದಲು ತಣ್ಣೀರಿನ ಟ್ಯಾಂಕ್ ತುಂಬಿರಲಿ. ಎಲ್ಲಕ್ಕಿಂತ ಕೆಳಗಿನ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಿರಿ. ಅಲ್ಲಿ ಒತ್ತಡ ಹೆಚ್ಚು, ರಭಸದ ನೀರು ಗಾಳಿಯನ್ನೂ ಎಳೆದುಕೊಂಡು ಹೋಗುತ್ತೆ. ಮುಖ, ಕೈ ದೂರ ಇರಲಿ, ಕೆಮ್ಮುವ ನಲ್ಲಿ ಕುದಿನೀರು ಉಗುಳಬಹುದು. ಆಗಲಿಲ್ಲವೆಂದರೆ ಮಿಕ್ಸರ್ ಬಾಯಿ ಮುಚ್ಚಿ ಎರಡೂ ನಲ್ಲಿ ತೆರೆದರೆ, ತಣ್ಣೀರು ಬಿಸಿನೀರಿನ ಪೈಪಿಗೆ ಹಿಂದಿನಿಂದ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತೆ. ಎರಡೂ ಪೈಪಿಗೆ ಒಂದೇ ಎತ್ತರದ ನೀರಾದರೆ ಇದು ಕೆಲವು ಸಲ ಸಾಲದು, ತಣ್ಣೀರಿನ ಒತ್ತಡ ಜಾಸ್ತಿ ಇರೋ ಕಡೆ ಚೆನ್ನಾಗಿ ನಡೆಯುತ್ತೆ. ಗಾಜಿನ ಟ್ಯೂಬಿನ ಸೋಲಾರ್ ಇರುವವರು ಇನ್ನೊಂದು ನೆನಪಿಡಿ: ಖಾಲಿಯಾಗಿ ಬಿಸಿಲಲ್ಲಿ ಕಾದ ಟ್ಯೂಬಿಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತೆ. ಬೆಳಗಿನ ಜಾವ ತುಂಬಿಸಿ.

ಇದೆಲ್ಲ ಮತ್ತೆ ಮತ್ತೆ ಮಾಡಬೇಕಾಗಿ ಬಂದರೆ ತಪ್ಪು ಪೈಪಿನ ದಾರಿಯದು. ಪ್ಯಾರಪೆಟ್ ಹತ್ತಿಸುವ ಬದಲು ಗೋಡೆಯ ಬುಡದಲ್ಲಿ ತೂತು ಕೊರೆದು, ಟ್ಯಾಂಕಿನಿಂದ ನಲ್ಲಿಯವರೆಗೆ ಬರೀ ಇಳಿಜಾರು ಕೊಟ್ಟರೆ ಸಾಕು. ಅದಾಗದಿದ್ದರೆ ಗೂನಿನ ನೆತ್ತಿಯಲ್ಲಿ ಒಂದು ವೆಂಟ್ ಪೈಪು.

ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಬರ್ನೂಲಿ ಸಮೀಕರಣ ಬರೆದು ಪಾಸಾಗ್ತೀವಿ. ಆ ಲ್ಯಾಬಿನಲ್ಲಿ ಒಂದು ಪಾರದರ್ಶಕ ಪೈಪಿಗೆ ಎರಡು ಗೂನು ಕೊಟ್ಟು, ಗಾಳಿ ಸಿಕ್ಕಿಸಿ, ನೀರು ನಿಲ್ಲೋದನ್ನು ತೋರಿಸೋಕೆ ಎಷ್ಟು ಖರ್ಚಾದೀತು? ಮುಂದಿನ ಸೆಮಿಸ್ಟರ್‌ಗೆ ಅದೊಂದು ಪ್ರಯೋಗ ಸೇರಿಸಿ ಎಂದು ನಮ್ಮ ವಿಭಾಗದವರನ್ನು ಕೇಳುತ್ತಿದ್ದೇವೆ. ಹಾಸ್ಟೆಲ್ ತಾರಸಿಯ ಬೀಗದ ಕೈ ಒಂದು ಭಾನುವಾರ ಕೊಟ್ಟರೆ ಅಲ್ಲಿನ ಗೂನುಗಳನ್ನೂ ನಾವೇ ಎಣಿಸಿ ಕೊಡ್ತೀವಿ.