ಕಥೆಯೊಳಗಿನ ಗುರುಗಳಿಗೆ ಹಸಿವೇ ಆಗುವುದಿಲ್ಲವೇ?

ಕಳೆದ ವರ್ಷ ಒಂದು ಕಥಾಸ್ಪರ್ಧೆಗೆ ಬಂದ ಕಥೆಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ರಾಶಿ ಮುಗಿಯುವಷ್ಟರಲ್ಲಿ ಒಬ್ಬರೇ ಮುದುಕರು ಬೇರೆ ಬೇರೆ ವೇಷದಲ್ಲಿ ಎದುರಾಗತೊಡಗಿದರು. ಒಂದರಲ್ಲಿ ನಿವೃತ್ತ ಮೇಷ್ಟ್ರು, ಇನ್ನೊಂದರಲ್ಲಿ ಊರ ಹೊರಗಿನ ಸಾಧು, ಮತ್ತೊಂದರಲ್ಲಿ ಬಿಳಿ ಗಡ್ಡದ ಸಾಬರು. ನಾಯಕನಿಗೆ ಕಷ್ಟ ಬಂದಾಗ ಪ್ರತ್ಯಕ್ಷರಾಗುತ್ತಾರೆ, ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ, ಕೊನೆಯ ಪುಟಕ್ಕೆ ಮೊದಲೇ ತೀರಿಕೊಳ್ಳುತ್ತಾರೆ. ಇವರಿಗೆ ಮಂಡಿನೋವಿಲ್ಲ, ಅಂಗಡಿಯಲ್ಲಿ ಸಾಲವಿಲ್ಲ, ಮಗನ ಜೊತೆ ಜಗಳವಿಲ್ಲ. ಶಿಷ್ಯ ತಮ್ಮನ್ನು ಮೀರಿಸಿದಾಗ ಒಂದು ಗಳಿಗೆಯಾದರೂ ಹೊಟ್ಟೆ ಉರಿಯುವುದಿಲ್ಲ.

ಗುರುವನ್ನು ಗೌರವದಿಂದ ಚಿತ್ರಿಸುವುದು ತಪ್ಪೇ ಎಂದು ಜೊತೆಗಿದ್ದ ಇನ್ನೊಬ್ಬ ತೀರ್ಪುಗಾರರು ಕೇಳಿದರು. ಇದು ಗೌರವವಲ್ಲ, ಸೋಮಾರಿತನ. ಲೇಖಕ ತಾನು ಹೇಳಬೇಕೆಂದಿರುವ ತೀರ್ಮಾನವನ್ನು ಮುದುಕರ ಬಾಯಲ್ಲಿಟ್ಟು ಕೈತೊಳೆದುಕೊಳ್ಳುತ್ತಾನೆ, ಅಷ್ಟೇ.

ತೇಜಸ್ವಿಯವರ ‘ಕರ್ವಾಲೊ’ (1980) ನೋಡಿ. ಕರ್ವಾಲೊ ದೊಡ್ಡ ವಿಜ್ಞಾನಿ, ನಿರೂಪಕನಿಗೆ ಲೋಕವನ್ನೇ ಬೇರೆಯಾಗಿ ತೋರಿಸಿದ ಮನುಷ್ಯ. ಆದರೆ ಅವರು ಉಪದೇಶ ಮಾಡಲೆಂದು ಕಥೆಯೊಳಗೆ ಬಂದವರಲ್ಲ, ಅವರಿಗೆ ಬೇಕಾಗಿರುವುದು ಹಾರುವ ಓತಿ. ಅದನ್ನು ಕಂಡವನು ಹಳ್ಳಿಯವರೆಲ್ಲ ಪೆದ್ದನೆಂದು ತಿಳಿದಿರುವ ಮಂದಣ್ಣ! ಅವನಿಲ್ಲದೆ ಅವರ ಕೆಲಸ ಸಾಗದು. ಗುರು ಯಾರು, ಶಿಷ್ಯ ಯಾರು ಎಂಬುದು ಅಲ್ಲಿ ಪುಟ ಪುಟಕ್ಕೂ ಅದಲುಬದಲಾಗುತ್ತದೆ. ಕೊನೆಗೆ ಓತಿ ಕೈಗೆ ಸಿಗುವುದೂ ಇಲ್ಲ. ಕೈಗೆ ಸಿಗದ ಆ ಓತಿಯಿಂದಲೇ ನಾವು ಕರ್ವಾಲೊ ಅವರನ್ನು ನಂಬುತ್ತೇವೆ.

ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಇಡೀ ಅಗ್ರಹಾರ ಉತ್ತರಕ್ಕಾಗಿ ಪ್ರಾಣೇಶಾಚಾರ್ಯರ ಮುಖ ನೋಡುತ್ತದೆ. ಗ್ರಂಥದಲ್ಲೂ ಉತ್ತರ ಸಿಗುವುದಿಲ್ಲ, ಮಾರುತಿಯ ಗುಡಿಯಲ್ಲೂ ಸಿಗುವುದಿಲ್ಲ. ಕಡೆಗೆ ಆ ಪಂಡಿತರನ್ನು ಮೇಳಿಗೆಯ ಜಾತ್ರೆಯಲ್ಲಿ ತಿರುಗಿಸುವವನು ಬಾಯಿಬಡುಕ ಪುಟ್ಟ. ಅವನಿಗೆ ತಾನು ಏನನ್ನೋ ಕಲಿಸುತ್ತಿದ್ದೇನೆಂಬ ಅರಿವೇ ಇಲ್ಲ.

ನನ್ನ ಸ್ವಂತ ಅನುಭವವೂ ಇದನ್ನೇ ಹೇಳುತ್ತದೆ. ಶಾಲೆಯ ರಜೆಯಲ್ಲಿ ಒಬ್ಬ ಟೈಲರ್ ಉಸ್ತಾದರ ಬಳಿ ಕೆಲಸಕ್ಕೆ ಹೋಗುತ್ತಿದ್ದೆ. ಎರಡು ವರ್ಷ ಬರೀ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು. ಶೇರ್ವಾನಿಯ ಕಾಲರ್ ಕತ್ತರಿಸುವಾಗ ಅವರು ಬೇಕೆಂದೇ ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನಾನು ಹೊಲಿದ ಒಂದು ಪ್ಯಾಂಟನ್ನು ಗಿರಾಕಿಯೊಬ್ಬರು ಹೊಗಳಿದ ದಿನ, ಅವರು ಹೋದ ಮೇಲೆ ಸುಮ್ಮನೆ ಅದರ ಹೊಲಿಗೆ ಬಿಚ್ಚಿದರು. ಕೊನೆಗೊಂದು ರಂಜಾನಿನಲ್ಲಿ, ಕಣ್ಣಿಗೆ ಪೊರೆ ಬಂದಿದ್ದಾಗ, ಬಟ್ಟೆಯನ್ನು ನನ್ನ ಮುಂದೆ ಹಾಸಿ, ನನ್ನ ಕೈ ಹಿಡಿದು ಆ ಕಾಲರ್ ಕತ್ತರಿಸಲು ಕಲಿಸಿದರು. ಅದು ನನ್ನ ಮೇಲಿನ ಪ್ರೀತಿಯೋ, ಹಬ್ಬದ ಆರ್ಡರುಗಳ ಒತ್ತಡವೋ, ಇಂದಿಗೂ ಬಗೆಹರಿದಿಲ್ಲ. ಎರಡೂ ಇದ್ದಿರಬೇಕು. ನಮ್ಮ ಕಥೆಗಾರರ ಕೈಗೆ ಸಿಕ್ಕಿದ್ದರೆ ಆ ಉಸ್ತಾದರು ಮೊದಲ ದಿನವೇ ಕಾಲರ್ ಕಲಿಸಿ, ಜೀವನವೂ ಒಂದು ಹೊಲಿಗೆ ಎಂದು ಹೇಳಿ ಕಣ್ಮುಚ್ಚುತ್ತಿದ್ದರು.

ಬಿಳಿ ಗಡ್ಡದ ಸಾಬರ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಹೆಚ್ಚು. ಪತ್ರಿಕೆಗಳ ಸುದ್ದಿಯಲ್ಲಿ ಮುಸ್ಲಿಮನೆಂದರೆ ಅನುಮಾನ, ಕಥೆಯಲ್ಲಿ ಬಂದರೆ ಸಂತ. ಎರಡರ ನಡುವೆ ಬದುಕುವ ಮನುಷ್ಯ ಎಲ್ಲಿ ಹೋದ? ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯಲ್ಲಿ ಅವನಿದ್ದಾನೆ. ನಮ್ಮ ಹೊಸ ಹುಡುಗರು ಅದನ್ನು ಓದಿದ ಮೇಲೂ ಸಂತನನ್ನೇ ಬರೆಯುತ್ತಾರೆ. ಅನುಮಾನಕ್ಕೆ ಅದೇ ಉತ್ತರವೆಂದು ಪಾಪ ಅವರು ತಿಳಿದಂತಿದೆ. ತಪ್ಪೇ ಮಾಡದವನನ್ನು ಮಾತ್ರ ನೆರೆಯವನೆಂದು ಒಪ್ಪುವುದಾದರೆ, ನಮ್ಮಂಥ ಸಾಮಾನ್ಯರು ಯಾವ ಓಣಿಯಲ್ಲಿ ಮನೆ ಮಾಡಬೇಕು?

ಆ ಸ್ಪರ್ಧೆಯ ಕಥೆಗಾರನೊಬ್ಬ, ನಮ್ಮವನೇ, ಫಲಿತಾಂಶದ ನಂತರ ಫೋನು ಮಾಡಿದ. “ನಿನ್ನ ಕಥೆಯ ಅಜ್ಜ ಸಂಜೆ ಮನೆಗೆ ಹೋಗಿ ಯಾರ ಹತ್ತಿರ ಬೈಸಿಕೊಳ್ಳುತ್ತಾರೆ?” ಎಂದು ಕೇಳಿದೆ. “ಅವರಿಗೆ ಮನೆ ಇಲ್ಲ ಸರ್, ದರ್ಗಾದ ಕಟ್ಟೆಯ ಮೇಲೇ ಇರುತ್ತಾರೆ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಅಜ್ಜ ಮಾತ್ರ ದಿನಾ ಅಜ್ಜಿ ಹತ್ತಿರ ಬೈಸಿಕೊಳ್ತಿದ್ರು” ಎಂದು ನಕ್ಕ. ಆ ಅಜ್ಜನನ್ನು ಬರೆದು ಕಳಿಸು ಎಂದಿದ್ದೇನೆ.