ಸಂಬಳ ಹೆಚ್ಚಿಸಿದರೆ ಸಾಕೇ? ಕೆಲಸಗಾರರು ಬಿಟ್ಟು ಹೋಗುವುದೇಕೆ?

ಜಯನಗರ 4ನೇ ಬ್ಲಾಕ್‌ನ ಅಂಗಡಿಗಳಲ್ಲಿ, ಬಿ.ಟಿ.ಎಂ. ಬಡಾವಣೆಯ ದರ್ಶಿನಿಗಳಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಗೇಟುಗಳಲ್ಲಿ ನಾವು ಪದೇ ಪದೇ ನೋಡುವ ಬೋರ್ಡು ‘ಕೆಲಸಕ್ಕೆ ಬೇಕಾಗಿದ್ದಾರೆ’. ಮಾಲೀಕರನ್ನು ಕೇಳಿದರೆ, “ಈಗಿನವರಿಗೆ ನಿಯತ್ತಿಲ್ಲ, ಐನೂರು ರೂಪಾಯಿ ಜಾಸ್ತಿ ಸಿಕ್ಕರೆ ಹೊರಟೇಬಿಡ್ತಾರೆ” ಎನ್ನುತ್ತಾರೆ. ಇದು ಎಷ್ಟು ನಿಜ?

ಸಂಬಳದ ಪಾತ್ರವೆಷ್ಟು?

ಸಂಬಳ ಮುಖ್ಯ, ಅನುಮಾನ ಬೇಡ. 1913ರಲ್ಲಿ ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಸುಮಾರು 14,000 ಹುದ್ದೆಗಳನ್ನು ತುಂಬಿಟ್ಟುಕೊಳ್ಳಲು ವರ್ಷಕ್ಕೆ 50,000ಕ್ಕೂ ಹೆಚ್ಚು ಜನರನ್ನು ನೇಮಿಸಬೇಕಾಯಿತು. 1914ರಲ್ಲಿ ದಿನಗೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ 5 ಡಾಲರ್‌ಗೆ ಏರಿಸಿದ ಮೇಲೆ ಬಿಟ್ಟು ಹೋಗುವವರ ಸಂಖ್ಯೆ ಇಳಿಯಿತು. ಆದರೆ ಸಂಬಳವೊಂದೇ ಕಾರಣ ಎನ್ನುವುದು ಅರ್ಧಸತ್ಯ.

2016ರ ಏಪ್ರಿಲ್‌ನಲ್ಲಿ ಏನಾಯಿತು?

ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೆ ಸಿಗದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ಆ ವರ್ಷ ಹೊರಡಿಸಿತ್ತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು ಬೆಂಗಳೂರಿನ ಬೀದಿಗಿಳಿದರು, ಬಹುಪಾಲು ಹೆಂಗಸರು. ಹೊಸೂರು ರಸ್ತೆ ಸ್ತಬ್ಧವಾಯಿತು. 19ರಂದೇ ಸರ್ಕಾರ ನಿಯಮವನ್ನು ಹಿಂಪಡೆಯಿತು.

ಇಷ್ಟು ಸಿಟ್ಟೇಕೆ? ಕಡಿಮೆ ಸಂಬಳದವರಿಗೆ ಪಿ.ಎಫ್. ಎಂದರೆ ಮುಪ್ಪಿನ ಹಣ ಮಾತ್ರವಲ್ಲ. ಮನೆಯ ಅಡ್ವಾನ್ಸ್, ಮಕ್ಕಳ ಶಾಲೆ, ಮದುವೆ, ಸಾಲ ಎಲ್ಲಕ್ಕೂ ಅದೇ ಆಸರೆ. ಅದನ್ನು ಪೂರ್ತಿ ತೆಗೆಯಲು ಆಗ ಇದ್ದ ದಾರಿ, ಕೆಲಸ ಬಿಟ್ಟು ಎರಡು ತಿಂಗಳು ಕಾಯುವುದು. ಮಾಲೀಕರ ಕಣ್ಣಿಗೆ ‘ನಿಯತ್ತಿಲ್ಲದ’ ರಾಜೀನಾಮೆಯಾಗಿ ಕಂಡದ್ದು ಎಷ್ಟೋ ಸಲ ಸ್ವಂತ ಉಳಿತಾಯ ಕೈಗೆ ಪಡೆಯುವ ಉಪಾಯವಾಗಿರಬಹುದು.

ಹೇಳಿಕೊಳ್ಳಲು ಜಾಗವಿದ್ದರೆ?

ಅಸಮಾಧಾನ ಆದವರ ಮುಂದೆ ಎರಡು ದಾರಿ: ಬಾಯಿ ಬಿಟ್ಟು ಹೇಳುವುದು ಅಥವಾ ಬಿಟ್ಟು ಹೋಗುವುದು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಹೀಗೆ ವಾದಿಸಿದ್ದರು. ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ವೇತನ ಏರಿಕೆ ನಿರೀಕ್ಷೆಯಷ್ಟು ಬಾರದೆ ಬೇಸರಗೊಂಡಿದ್ದವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಕೆಲಸ ಹೇಗಿದೆ, ಮೇಲ್ವಿಚಾರಕರು ಹೇಗೆ ಎಂದು ಹೆಸರು ಹೇಳದೆ ಉತ್ತರಿಸಲು ಅವಕಾಶ ಕೊಟ್ಟರು. ಅವರಲ್ಲಿ ಕೆಲಸ ಬಿಡುವುದೂ ರಜೆ ಹಾಕುವುದೂ ಉಳಿದವರಿಗಿಂತ ಕಡಿಮೆಯಾಯಿತು. ಅತಿ ಹೆಚ್ಚು ನಿರಾಸೆಗೊಂಡಿದ್ದವರಲ್ಲೇ ಈ ಪರಿಣಾಮ ಹೆಚ್ಚು.

‘ಕಲಿಸಿದರೆ ಹೋಗಿಬಿಡ್ತಾರೆ’ ನಿಜವೇ?

ಇದೂ ಜನಪ್ರಿಯ ನಂಬಿಕೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಮಾತುಕತೆ, ಸಮಯ ನಿರ್ವಹಣೆ, ಹಣಕಾಸಿನಂಥ ವಿಷಯಗಳಲ್ಲಿ ತರಬೇತಿ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಅವರ ಉತ್ಪಾದಕತೆ ಏರಿತು. ತರಬೇತಿಯ ಖರ್ಚನ್ನು ಮೀರಿ ಕಂಪನಿಗೆ ಲಾಭವಾಯಿತು. ಕಲಿತವರು ಗುಂಪುಗುಂಪಾಗಿ ಹೊರಟುಹೋಗಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಒಬ್ಬರು ಹೋದರೆ ಬರೀ ಒಂದು ಸಂಬಳ ಉಳಿಯುವುದಿಲ್ಲ. ಕಾಲರ್ ಹೊಲಿಯುವವರು ಬಾರದಿದ್ದರೆ ಇಡೀ ಲೈನು ನಿಧಾನವಾಗುತ್ತದೆ. ಹೊಸಬರ ಕೈ ಪಳಗಲು ವಾರಗಳೇ ಬೇಕು. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದರೆ ಕೂಸಿನ ಮನೆ, ಮೊದಲೇ ತಿಳಿಸುವ ಶಿಫ್ಟು, ತುರ್ತಿಗೆ ಮುಂಗಡ, ಬೈಯದ ಮೇಲ್ವಿಚಾರಕರು ಇವೆಲ್ಲ ದುಬಾರಿ ಎನಿಸುವುದಿಲ್ಲ. 30ಕ್ಕೂ ಹೆಚ್ಚು ಹೆಂಗಸರಿರುವಲ್ಲಿ ಕೂಸಿನ ಮನೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಮುಂದಿನ ಸಲ ಯಾರಾದರೂ ಕೆಲಸ ಬಿಡುತ್ತೇನೆ ಎಂದಾಗ “ಎಷ್ಟು ಜಾಸ್ತಿ ಕೊಡ್ತಾರೆ?” ಎಂದು ಕೇಳುವ ಮೊದಲು “ಇಲ್ಲಿ ಏನು ತೊಂದರೆಯಾಯಿತು?” ಎಂದು ಕೇಳುವುದು ಒಳ್ಳೆಯದು.