ಮಕ್ಕಳ ಬಸ್ಸಿಗೇಕೆ ಬೊಕ್ಕಸದ ಬಾಗಿಲು ಮುಚ್ಚಿದೆ?



ಬೆಳಗಿನ ಏಳೂವರೆಗೆ ನಿಮ್ಮ ಬೀದಿಯ ತಿರುವಿನಲ್ಲಿ ನಿಲ್ಲುವ ಹಳದಿ ಬಸ್ಸನ್ನು ನೀವು ಬಲ್ಲಿರಿ. ತಡವಾಗಿ ಓಡಿಬರುವ ಮಗುವಿಗಾಗಿ ಎಂಜಿನ್ ಆರಿಸದೆ ಕಾಯುತ್ತ ಅದು ಉಗುಳುವ ಹೊಗೆಯನ್ನೂ ಬಲ್ಲಿರಿ. ಆ ಹೊಗೆ ಬೀದಿಗೆ ಹೋಗಿ ಗಾಳಿಯಲ್ಲಿ ಕರಗುತ್ತದೆಂದು ನಾವು ನಂಬಿಕೊಂಡು ಬಂದಿದ್ದೇವೆ. ವಾಸ್ತವವೇ ಬೇರೆ. 2001ರಲ್ಲಿ ಅಮೆರಿಕದ ಪರಿಸರ ಸಂಸ್ಥೆಗಳು ಡೀಸೆಲ್ ಶಾಲಾ ಬಸ್ಸುಗಳ ಒಳಗಿನ ಗಾಳಿಯನ್ನು ಅಳೆದಾಗ, ಅದೇ ಬಸ್ಸಿನ ಮುಂದೆ ಚಲಿಸುವ ಕಾರಿನೊಳಗಿನ ಗಾಳಿಗಿಂತ ನಾಲ್ಕು ಪಟ್ಟಿನವರೆಗೂ ಹೆಚ್ಚು ಡೀಸೆಲ್ ಹೊಗೆ ಅದರಲ್ಲಿ ಕಂಡುಬಂದಿತು. ಬಸ್ಸು ತಾನು ಉಗುಳಿದ್ದನ್ನು ತನ್ನೊಳಗಿನ ಮಕ್ಕಳಿಗೇ ಉಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದೇಹತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು?

ಇನ್ನು ಹಣದ ಮಾತು. ವಿದ್ಯುತ್ ಬಸ್ಸಿಗೆ ಸರ್ಕಾರದ ಬಳಿ ಹಣವಿಲ್ಲವೆಂದು ಯಾರೂ ಹೇಳುವಂತಿಲ್ಲ. 2019ರ ಫೇಮ್ ಎರಡನೆಯ ಹಂತ 10,000 ಕೋಟಿ ರೂಪಾಯಿಯಿಂದ ಆರಂಭವಾಯಿತು. 2023ರ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ನಗರಗಳಿಗೆ 10,000 ಬಸ್ಸುಗಳು, ಕೇಂದ್ರದಿಂದ 20,000 ಕೋಟಿ. 2024ರ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 4,391 ಕೋಟಿ 14,028 ವಿದ್ಯುತ್ ಬಸ್ಸುಗಳಿಗೆ ಮೀಸಲು. ಇವೆಲ್ಲವೂ ಸಾರ್ವಜನಿಕ ಸಾರಿಗೆಯ ಬಸ್ಸುಗಳು, ಸಂತೋಷವೇ. ಆದರೆ ಬೆಂಗಳೂರಿನ ಗುಮಾಸ್ತನನ್ನು ಕಚೇರಿಗೆ ಒಯ್ಯುವ ಬಸ್ಸಿಗೆ ತೆರೆದ ಬೊಕ್ಕಸ, ಅವನ ಮಗಳನ್ನು ಶಾಲೆಗೆ ಒಯ್ಯುವ ಬಸ್ಸಿಗೆ ಮುಚ್ಚಿಕೊಂಡಿದೆ. ಈ ವಿಪರ್ಯಾಸವನ್ನು ಪ್ರಶ್ನಿಸುವವರೇ ಇಲ್ಲ.

ಶಾಲಾ ಬಸ್ಸಿನಷ್ಟು ವಿದ್ಯುತ್ತಿಗೆ ಒಗ್ಗುವ ವಾಹನ ಮತ್ತೊಂದಿಲ್ಲ. ದಿನವೂ ಅದೇ ದಾರಿ, ಅದೇ ದೂರ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡು ಹಗಲೆಲ್ಲ ಅದು ಶಾಲೆಯ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ, ಅದೂ ಸೂರ್ಯನ ವಿದ್ಯುತ್ತು ಸಮೃದ್ಧವಾಗಿರುವ ವೇಳೆಯಲ್ಲಿ. ಅಡ್ಡಿಯಾಗಿರುವುದು ಬೆಲೆಯೊಂದೇ. ಡೀಸೆಲ್ ಬಸ್ಸಿನ ಎರಡು ಮೂರು ಪಟ್ಟು ಬೆಲೆ ತೆರುವ ಶಕ್ತಿ ತಾಲ್ಲೂಕು ಕೇಂದ್ರದ ಸಾಮಾನ್ಯ ಶಾಲೆಗೆ ಎಲ್ಲಿಂದ ಬರಬೇಕು? ಕೊಂಡರೂ ಆ ಭಾರ ಬಸ್ ಶುಲ್ಕವಾಗಿ ಪೋಷಕರ ಹೆಗಲಿಗೇ ಬೀಳುತ್ತದೆ.

‘ಖಾಸಗಿ ಶಾಲೆಗೆ ತೆರಿಗೆ ಹಣವೇಕೆ? ಸರ್ಕಾರಿ ಶಾಲೆಯ ಮಕ್ಕಳು ಇನ್ನೂ ನಡೆದೇ ಬರುತ್ತಿದ್ದಾರಲ್ಲ’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ಲಕ್ಷಗಟ್ಟಲೆ ಶುಲ್ಕ ವಸೂಲು ಮಾಡುವ ವಿದ್ಯಾಸಂಸ್ಥೆಗೆ ಒಂದು ರೂಪಾಯಿಯೂ ಸಲ್ಲಬಾರದು. ಮೊದಲ ಪಾಲು ಸರ್ಕಾರಿ ಶಾಲೆಗಳಿಗೆ ಬಸ್ಸು ಒದಗಿಸಲು, ಆಮೇಲೆ ಅನುದಾನಿತ ಶಾಲೆಗಳಿಗೆ, ಕೊನೆಗೆ ಕಡಿಮೆ ಶುಲ್ಕದ ಗ್ರಾಮಾಂತರ ಶಾಲೆಗಳಿಗೆ. ಆದರೆ ‘ಖಾಸಗಿ’ ಎಂಬ ಒಂದೇ ಮಾತಿನಿಂದ ಎಲ್ಲರ ಬಾಯಿ ಮುಚ್ಚಿಸುವವರು, ಆ ಬಸ್ಸಿನಲ್ಲಿ ಕುಳಿತಿರುವುದು ಆಡಳಿತ ಮಂಡಳಿಯಲ್ಲ, ಮಕ್ಕಳು ಎಂಬುದನ್ನು ಮರೆಯುತ್ತಾರೆ. ನಮ್ಮ ಕ್ರೈಸ್ತ ವಿದ್ಯಾಸಂಸ್ಥೆಗಳೂ ಇದನ್ನು ಅಲ್ಪಸಂಖ್ಯಾತರ ಹಕ್ಕಿನ ಹೆಸರಿನಲ್ಲಿ ಕೇಳದಿರಲಿ. ಇದು ಎಲ್ಲ ಮಕ್ಕಳ ಪ್ರಶ್ನೆ.

‘ವಿದ್ಯುತ್ತೂ ಕಲ್ಲಿದ್ದಲಿನಿಂದಲೇ ಬರುತ್ತದಲ್ಲ’ ಎಂಬುದು ಮತ್ತೊಂದು ಮಾತು. ಭಾಗಶಃ ನಿಜ. ರಾಯಚೂರಿನ ಶಕ್ತಿನಗರದ ಮಕ್ಕಳೂ ಮಕ್ಕಳೇ. ಆದರೆ 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಸೌರ ಉದ್ಯಾನವೂ, ಶರಾವತಿಯೂ ಇದೇ ರಾಜ್ಯದಲ್ಲಿವೆ. ವಿದ್ಯುತ್ತಿನ ಮೂಲವನ್ನು ವರ್ಷದಿಂದ ವರ್ಷಕ್ಕೆ ಶುದ್ಧಗೊಳಿಸಬಹುದು, ಡೀಸೆಲ್ಲನ್ನು ಹಾಗೆ ಮಾಡಲಾಗದು.

ಅಮೆರಿಕದಲ್ಲಿ ಸುಮಾರು 4.8 ಲಕ್ಷ ಶಾಲಾ ಬಸ್ಸುಗಳಿವೆ. ಅಲ್ಲಿನ ಸಂಸತ್ತು 2021ರಲ್ಲಿ ಶಾಲಾ ಬಸ್ಸುಗಳಿಗೆಂದೇ ಐದು ವರ್ಷಗಳಿಗೆ 500 ಕೋಟಿ ಡಾಲರ್ ತೆಗೆದಿರಿಸಿತು. ಬಡ ಪ್ರದೇಶಗಳಿಗೆ ಆದ್ಯತೆ ನೀಡಿ, 2022ರ ಸುತ್ತಿನಲ್ಲಿ ಅಂಥ ಕಡೆ ಒಂದು ದೊಡ್ಡ ವಿದ್ಯುತ್ ಬಸ್ಸಿಗೆ 3,75,000 ಡಾಲರ್‌ವರೆಗೂ ಕೊಡಲಾಯಿತು. 2010ರ ಅಥವಾ ಅದಕ್ಕೂ ಹಳೆಯ ಡೀಸೆಲ್ ಬಸ್ಸನ್ನು ಗುಜರಿಗೆ ಹಾಕಬೇಕೆಂಬ ಷರತ್ತೂ ಇತ್ತು. ಈ ಷರತ್ತು ನಮಗೆ ಬಹು ಮುಖ್ಯ. ಇಲ್ಲವಾದರೆ ಪಟ್ಟಣದ ಶಾಲೆ ಬಿಟ್ಟ ಹಳೆಯ ಬಸ್ಸು ಹಳ್ಳಿಯ ಶಾಲೆಗೆ ಬರುತ್ತದೆ. ಅಲ್ಲಿ ಎಡವಿದ್ದೂ ಉಂಟು. ಬಸ್ಸು ತಯಾರಿಸುತ್ತಿದ್ದ ಕೆನಡಾದ ಲಯನ್ ಎಲೆಕ್ಟ್ರಿಕ್ ಕಂಪನಿ 2024ರ ಡಿಸೆಂಬರ್‌ನಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋದಾಗ ಹಲವು ಶಾಲೆಗಳು ಅತಂತ್ರವಾದವು. ಆದುದರಿಂದ ಶಾಲೆಗಳ ಕೈಗೆ ಹಣ ಕೊಟ್ಟು ಬಸ್ಸು ಕೊಳ್ಳಿರೆನ್ನುವುದು ಬೇಡ. ಬಸ್ಸು, ಅದರ ಬ್ಯಾಟರಿ, ದುರಸ್ತಿ ಎಲ್ಲವೂ ಕಂಪನಿಯ ಹೊಣೆ, ಓಡಿದ ಕಿಲೋಮೀಟರಿಗಷ್ಟೇ ಹಣ ಎಂಬ ಪದ್ಧತಿಯನ್ನು ಬಿಎಂಟಿಸಿ ತನ್ನ ವಿದ್ಯುತ್ ಬಸ್ಸುಗಳಿಗೆ ಈಗಾಗಲೇ ಅನುಸರಿಸಿದೆ. ಒಂದು ತಾಲ್ಲೂಕಿನ ಹತ್ತು ಶಾಲೆಗಳು ಒಟ್ಟುಗೂಡಿದರೆ ಅದನ್ನೇ ಅಲ್ಲಿಯೂ ತರಬಹುದು.

2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ಪ್ರಕಟಿಸಿದ ರಾಜ್ಯ ನಮ್ಮದು. ನಿಮ್ಮ ಶಾಸಕರು ಶಾಲಾ ವಾರ್ಷಿಕೋತ್ಸವದ ವೇದಿಕೆಗೆ ಬಂದಾಗ, ಆ ನೀತಿಯ ಫಲ ಶಾಲಾ ಬಸ್ಸಿಗೆಷ್ಟು ದಕ್ಕಿತೆಂದು ಕೇಳಿರಿ. ಶಾಲೆಯ ಮುಖ್ಯಸ್ಥರನ್ನೂ ಒಂದು ಮಾತು ಕೇಳಿರಿ: ನಮ್ಮ ಮಕ್ಕಳು ಕೂರುವ ಬಸ್ಸಿನ ನೋಂದಣಿ ಯಾವ ವರ್ಷದ್ದು? ಬಿಎಸ್-6 ಮಾನದಂಡ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಅದಕ್ಕೂ ಹಿಂದಿನದಾದರೆ, ಆ ಬಸ್ಸು ಇನ್ನೆಷ್ಟು ವರ್ಷ ಓಡಲಿದೆ ಎಂಬುದನ್ನೂ ಲಿಖಿತವಾಗಿ ಪಡೆಯಿರಿ.